ಆರೋಗ್ಯಯಾತ್ರಿಕರ ಬಿಡಾರ

ಯಾತ್ರೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಸದ್ಭಕ್ತರ ಮನಸ್ಸು ಶ್ರೀಶೈಲ, ಕೂಡಲಸಂಗಮ, ಉಳವಿ, ಸೊನ್ನಲಿಗೆಗಳ ಕಡೆಗೆ ಹರಿಯುತ್ತದೆ. ಆ ಯಾತ್ರೆಗಳಿಗೆ ಕಾಲವುಂಟು, ಸಿದ್ಧತೆಯುಂಟು, ಮನೆಮಂದಿಯ ಸಂಭ್ರಮವುಂಟು. ಆದರೆ ಮುಹೂರ್ತವನ್ನು ನೋಡದೆ, ಬುತ್ತಿಯನ್ನು ಕಟ್ಟಲೂ ಪುರುಸೊತ್ತಿಲ್ಲದೆ ಕೈಗೊಳ್ಳಬೇಕಾದ ಇನ್ನೊಂದು ಯಾತ್ರೆ ಇಂದು ಪ್ರತಿ ಮನೆತನಕ್ಕೂ ಬಂದೊದಗುತ್ತಿದೆ. ಅದು ಆರೋಗ್ಯವನ್ನು ಅರಸಿ ದೂರದ ನಗರಗಳಿಗೆ ಹೋಗುವ ಯಾತ್ರೆ. ಅಲ್ಲಿ ವೈದ್ಯರು ಸಿಗುತ್ತಾರೆ, ಔಷಧವೂ ಸಿಗುತ್ತದೆ. ಆದರೆ ರೋಗಿಯ ಬೆನ್ನಿಗಿದ್ದವರು ರಾತ್ರಿಯನ್ನು ಎಲ್ಲಿ ಕಳೆಯಬೇಕೆಂಬುದನ್ನು ಹೊರಡುವಾಗ ಯಾರೂ ವಿಚಾರಿಸುವುದಿಲ್ಲ.

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನಕ್ಕೆ ಈ ಯಾತ್ರೆ ಹೊಸತಲ್ಲ. ಇಂಡಿಯವರಿಗೆ ಸೊಲ್ಲಾಪುರ ನೆರೆಯ ಊರು. ಅಲ್ಲಿನ ಬೀದಿಗಳಲ್ಲಿ ಕನ್ನಡದ ಮಾತೂ ನಡೆಯುವುದರಿಂದ ಪರಸ್ಥಳವೆಂಬ ಅಂಜಿಕೆಯಿಲ್ಲ. ಸಿಂದಗಿಯವರು ವಿಜಯಪುರಕ್ಕೆ, ಇಲ್ಲವೆ ಕಲಬುರಗಿಗೆ ಹೋಗುತ್ತಾರೆ. ಮುದ್ದೇಬಿಹಾಳದವರು ಆಲಮಟ್ಟಿಯ ಮೇಲೆ ಹಾಯ್ದು ಬಾಗಲಕೋಟೆಯನ್ನು ಸೇರುತ್ತಾರೆ. ಬಾಗೇವಾಡಿಯವರಿಗೆ ವಿಜಯಪುರವೇ ಹತ್ತಿರ. ಸಿಂದಗಿ, ಮುದ್ದೇಬಿಹಾಳಗಳಿಗೆ ಇನ್ನೂ ರೈಲು ಬಂದಿಲ್ಲ. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳು ಹೆಸರಿನಲ್ಲಿ ಮಾತ್ರ ಊರನ್ನು ಹೊತ್ತಿವೆ. ಊರಿನಿಂದ ಅಲ್ಲಿಗೆ ಹೋಗುವುದೇ ಒಂದು ಪ್ರಯಾಣ.

ನಮ್ಮ ಹಿರಿಯರ ಕಾಲದಲ್ಲಿ ದೊಡ್ಡ ಬೇನೆ ಎಂದರೆ ಮಿರಜಿಗೆ ಹೋಗಬೇಕಿತ್ತು. ಡಾ. ವಿಲಿಯಂ ವಾನ್‌ಲೆಸ್ ಅವರು 1894ರಲ್ಲಿ ಅಲ್ಲಿ ತೆರೆದ ಮಿಶನ್ ಆಸ್ಪತ್ರೆಯ ಹೆಸರು ನಮ್ಮ ಭಾಗದಲ್ಲಿ ಮನೆಮಾತಾಗಿತ್ತು. ಕೂಡ ಬಂದವರು ಮರದ ನೆರಳಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಿದ್ದರೆಂದು ಹಿರಿಯರು ಹೇಳುವುದನ್ನು ನಾವು ಬಾಲ್ಯದಲ್ಲಿ ಕೇಳಿದ್ದೇವೆ. ಕಾಲಾಂತರದಲ್ಲಿ ದೂರ ಕಡಿಮೆಯಾಯಿತು. 1910ರಲ್ಲಿ ವಚನ ಪಿತಾಮಹ ಡಾ. ಫ.ಗು. ಹಳಕಟ್ಟಿಯವರ ಶ್ರಮದಿಂದ ಹುಟ್ಟಿದ ಬಿ.ಎಲ್.ಡಿ.ಇ. ಸಂಸ್ಥೆಯು 1986ರಲ್ಲಿ ವಿಜಯಪುರದಲ್ಲಿ ವೈದ್ಯಕೀಯ ಕಾಲೇಜನ್ನು ತೆರೆಯಿತು. ಬಾಗಲಕೋಟೆಯಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘದ ಆಸ್ಪತ್ರೆಯು, 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಕುಮಾರೇಶ್ವರರ ಹೆಸರಿನಲ್ಲಿ ನಡೆಯುತ್ತಿದೆ. ಆದರೂ ಕೆಲವು ವ್ಯಾಧಿಗಳಿಗೆ ಹುಬ್ಬಳ್ಳಿ, ಬೆಂಗಳೂರು, ಮುಂಬಯಿಗಳ ದಾರಿ ತಪ್ಪಿಲ್ಲ.

ಮಠದ ಪಾಠಶಾಲೆಯಲ್ಲಿ ನಮ್ಮೊಡನೆ ಓದಿದ ಹಿರಿಯರೊಬ್ಬರು ನಾಲ್ವತ್ತು ವರ್ಷ ಊರೂರು ತಿರುಗಿ ಪುರಾಣ ಹೇಳಿದವರು. ಅವರ ಗಂಟಲಿಗೆ ವ್ಯಾಧಿ ಬಂದಿತು. ಧ್ವನಿಯೇ ಕಾಯಕವಾದವರಿಗೆ ಧ್ವನಿಗೆ ಕುತ್ತು ಬಂದರೆ ಹೇಗಿರುತ್ತದೆಂಬುದನ್ನು ಓದುಗರು ಊಹಿಸಬಹುದು. ಅವರನ್ನು ಕರೆದುಕೊಂಡು ನಾವು ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ರೈಲಿನಲ್ಲಿ ರಾತ್ರಿಯೆಲ್ಲ ಪ್ರಯಾಣ ಮಾಡಿ ಬೆಂಗಳೂರನ್ನು ಸೇರಿದೆವು. ವಾರಕ್ಕೆ ಐದು ದಿನದಂತೆ ಆರು ವಾರ ಕಿರಣಚಿಕಿತ್ಸೆ ಆಗಬೇಕೆಂದು ವೈದ್ಯರು ತಿಳಿಸಿದರು. ಚಿಕಿತ್ಸೆ ದಿನಕ್ಕೆ ಕೆಲವೇ ನಿಮಿಷದ್ದು. ಉಳಿದ ಹೊತ್ತನ್ನು ಕಳೆಯುವ ಬಗೆಯೇ ಕಠಿಣವಾದದ್ದು. ಆಸ್ಪತ್ರೆಯಲ್ಲಿ ಹಾಸಿಗೆ ಕೊಡುವಷ್ಟು ರೋಗ ಅದಲ್ಲ. ಐದುನೂರು ಕಿಲೋಮೀಟರಿಗೂ ಮಿಕ್ಕಿದ ಊರಿಗೆ ನಿತ್ಯ ಹೋಗಿಬರುವ ದಾರಿಯೂ ಅದಲ್ಲ.

ಮೊದಲು ವಿಚಾರಿಸಿದ ಒಂದು ವಸತಿಗೃಹದಲ್ಲಿ ರೋಗದ ಹೆಸರನ್ನು ಕೇಳಿದೊಡನೆ ಕೋಣೆ ಖಾಲಿಯಿಲ್ಲವೆಂದರು. ಈ ವ್ಯಾಧಿ ಒಬ್ಬರಿಂದೊಬ್ಬರಿಗೆ ಹರಡುವಂಥದ್ದಲ್ಲವೆಂದು ನಾವು ತಿಳಿಹೇಳಿದರೂ ಫಲವಾಗಲಿಲ್ಲ. ಕೊನೆಗೆ ಆಸ್ಪತ್ರೆಯ ಸಮೀಪದ ಒಂದು ಧರ್ಮಶಾಲೆಯ ಪಡಸಾಲೆಯಲ್ಲಿ ನಮಗೆ ಎರಡು ಚಾಪೆಯ ಸ್ಥಳ ದೊರೆಯಿತು. ನಾಲ್ಕು ಗಂಟೆಗೆಲ್ಲ ನಲ್ಲಿಯ ಮುಂದೆ ಕೊಡಗಳ ಸಾಲು. ನಾವು ಮೂರೂವರೆಗೇ ಎದ್ದು ಮಿಂದು, ಮಡಚಿದ ಚಾದರದ ಮೇಲೆ ಕುಳಿತು ಲಿಂಗಪೂಜೆಯನ್ನು ಮುಗಿಸುತ್ತಿದ್ದೆವು. ಅಕ್ಕಪಕ್ಕದವರು ಯಾವ ಮತದವರೇ ಇರಲಿ, ಆ ಹೊತ್ತಿನಲ್ಲಿ ಮಾತನ್ನು ತಗ್ಗಿಸುತ್ತಿದ್ದರು. ಅವರ ಪ್ರಾರ್ಥನೆಯ ಹೊತ್ತಿಗೆ ನಾವೂ ಹಾಗೆಯೇ ಮಾಡಿದೆವು.

ಹಿಂದಿನ ಅಂಗಳದಲ್ಲಿ ಅಡುಗೆಗೆ ಅವಕಾಶವಿತ್ತು. ಅಲ್ಲಿಯೇ ನಮ್ಮ ಜಿಲ್ಲೆಯ ಪರಿಚಯವಾದದ್ದು. ಕಡಕ್ ರೊಟ್ಟಿ ಮುರಿದ ಸಪ್ಪಳ, ಶೇಂಗಾ ಹಿಂಡಿಯ ವಾಸನೆ, ಇವು ಹೆಸರು ಹೇಳುವ ಮೊದಲೇ ಊರನ್ನು ಹೇಳಿಬಿಡುತ್ತವೆ. ಸಿಂದಗಿಯ ಒಂದು ಮನೆತನ, ಇಂಡಿಯ ಅಣ್ಣತಮ್ಮಂದಿರು, ಬಾಗೇವಾಡಿಯ ಒಬ್ಬ ಮುದುಕಿ ಮತ್ತು ಮೊಮ್ಮಗ, ಮುದ್ದೇಬಿಹಾಳದ ದಂಪತಿಗಳು ಅಲ್ಲಿದ್ದರು. ಇಂಡಿಯವರು ತಮ್ಮೂರಿನ ಜೀಪಿನಲ್ಲಿಯೇ ಬಂದು, ಸ್ಥಳ ಸಿಗುವತನಕ ಮೂರು ರಾತ್ರಿ ರಸ್ತೆಯ ಮಗ್ಗುಲಲ್ಲಿ ಅದರೊಳಗೇ ಮಲಗಿದ್ದರು. ಅಮೆರಿಕ ದೇಶದಲ್ಲಿ ಗಾಲಿಯ ಮೇಲಿನ ಮನೆಗಳನ್ನು ನಿಲ್ಲಿಸಲು ನೀರು, ವಿದ್ಯುತ್ತು ಸಹಿತವಾದ ಮೈದಾನಗಳಿದ್ದು, ಚಿಕಿತ್ಸೆಗೆ ಹೋದವರು ಅಲ್ಲಿ ವಾರಗಟ್ಟಲೆ ತಂಗುವುದುಂಟು. ನಮ್ಮ ಜೀಪಿಗೆ ಆ ಭಾಗ್ಯವಿಲ್ಲ. ನಸುಕಿನಲ್ಲಿ ಎಬ್ಬಿಸಿ ಮುಂದೆ ಕಳಿಸುವವರೇ ಹೆಚ್ಚು.

ಮುದ್ದೇಬಿಹಾಳದ ದಂಪತಿಗಳಿಗೆ ಒಳಗೆ ಸ್ಥಳ ಸಿಕ್ಕಿರಲಿಲ್ಲ. ಯಜಮಾನನ ಚಿಕಿತ್ಸೆ ಎರಡು ವಾರ ಮುಗಿದಿತ್ತು, ನಾಲ್ಕು ವಾರ ಉಳಿದಿತ್ತು. ಊರಿನಲ್ಲಿ ಬಿಳಿಜೋಳದ ಸುಗ್ಗಿ ಬಂದಿತ್ತು. ಹೊರಗಿನ ಚಾವಣಿಯ ಕೆಳಗೆ ಮಲಗಿ ಮಲಗಿ ಬೇಸತ್ತ ಆತ ಊರಿಗೆ ಹೋಗಿಬಿಡೋಣವೆಂದು ಹಟ ಹಿಡಿದಿದ್ದ. ಅರ್ಧಕ್ಕೆ ಬಿಟ್ಟರೆ ಆದದ್ದೂ ವ್ಯರ್ಥವಾದೀತೆಂದು ನಾವು ಹೇಳಿದಾಗ ಆ ತಾಯಿ ಕೊಟ್ಟ ಉತ್ತರ ಇಂದಿಗೂ ನಮ್ಮ ಕಿವಿಯಲ್ಲಿದೆ: “ಅಜ್ಜಾರ, ಔಷಧ ಸರಕಾರದ ಕಾರ್ಡಿನ್ಯಾಗ ಆಗ್ತದ್ರಿ. ನಾವು ಇಲ್ಲಿ ಇರೂದು ಯಾವ ಕಾರ್ಡಿನ್ಯಾಗ ಆಗ್ತದ್ರಿ?”

ಆಕೆಯ ಮಾತಿನಲ್ಲಿ ತಪ್ಪಿರಲಿಲ್ಲ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ದೊರೆಯುತ್ತದೆ. ಜೊತೆಗೆ ಬಂದವರ ವಸತಿ, ಊಟ, ಕಳೆದುಹೋದ ಕೂಲಿ ಅದರಲ್ಲಿ ಸೇರುವುದಿಲ್ಲ. ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಹೀಗೆ.

ಆ ಸಂಜೆ ನಮ್ಮ ಪುರಾಣಿಕರು ಮಾತನಾಡಲಾರದೆ ಒಂದು ಚೀಟಿಯಲ್ಲಿ ಬರೆದು ನಮಗೆ ಕೊಟ್ಟರು: ತಮ್ಮ ಒಂದು ಚಾಪೆಯ ಸ್ಥಳವನ್ನು ಆ ರೋಗಿಗೆ ಕೊಡಿಸಬೇಕು. ವ್ಯವಸ್ಥಾಪಕರು ಒಪ್ಪಿದರು. ನಮ್ಮ ಸ್ಥಳದಲ್ಲಿ ಆತ ಮಲಗಿದ. ನಾವು ಹೊರಗಿನ ಚಾವಣಿಗೆ ಬಂದೆವು. ಸಿಂದಗಿಯವರು ಚಿಕಿತ್ಸೆ ಮುಗಿಸಿ ಹೊರಡುವಾಗ ತಮ್ಮ ಒಲೆ, ಪಾತ್ರೆ, ಉಳಿದ ಹಿಟ್ಟನ್ನು ಆ ತಾಯಿಯ ವಶಕ್ಕೆ ಕೊಟ್ಟರು. ಇಂಡಿಯ ತಮ್ಮನೊಬ್ಬ ಊರಿಗೆ ಫೋನು ಮಾಡಿ ಅವರ ಜೋಳದ ಕಟಾವಿಗೆ ನಾಲ್ಕು ಆಳುಗಳನ್ನು ಗೊತ್ತುಮಾಡಿಸಿದ. ಊರಿಗೆ ಮರಳುವ ಮಾತು ಅಲ್ಲಿಗೆ ನಿಂತಿತು. ಆರು ವಾರವೂ ಪೂರ್ಣವಾದವು.

ಇದನ್ನೇ ಶರಣರು ದಾಸೋಹವೆಂದರು. ಅನ್ನವಿಕ್ಕುವುದು ಮಾತ್ರ ದಾಸೋಹವೆಂಬ ತಿಳುವಳಿಕೆ ನಮ್ಮಲ್ಲಿ ಬಲವಾಗಿದೆ. ನಮ್ಮ ನಾಡಿನ ಚರಿತ್ರೆ ಅದಕ್ಕಿಂತ ವಿಶಾಲವಾಗಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಶಾಲೆಯೊಂದನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸದ ಮನೆಗಳಿಗೂ ದೀಪದ ಖರ್ಚಿಗೂ ಅಲ್ಲಿ ಭೂಮಿ ಬಿಟ್ಟದ್ದನ್ನು 945ರ ಶಾಸನವು ಹೇಳುತ್ತದೆ. ದೀಪವನ್ನೂ ಮರೆಯದ ಆ ದಾನಿಯ ದೃಷ್ಟಿ ಮೆಚ್ಚತಕ್ಕದ್ದು. ಬಳ್ಳಿಗಾವೆಯ ಕೋಡಿಯ ಮಠದ 1162ರ ಶಾಸನವು, ದೀನರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ಸ್ಥಾನವೆಂದು ಆ ಮಠವನ್ನು ಬಣ್ಣಿಸುತ್ತದೆ. ಅದು ಬಿಜ್ಜಳನ ಕಾಲ, ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಕಾಲ. ಮಠ, ಅನ್ನ, ಔಷಧ, ಆಶ್ರಯಗಳು ಅಂದು ಬೇರೆಬೇರೆ ಆಗಿರಲಿಲ್ಲ.

ಇಂದಿಗೂ ಈ ಪರಂಪರೆ ಪೂರ್ತಿ ಬತ್ತಿಲ್ಲ. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯ ಆವರಣದಲ್ಲಿ ಪರಊರಿನ ರೋಗಿಗಳಿಗಾಗಿ ಧರ್ಮಶಾಲೆ ಇದೆ. ಮುಂಬಯಿಯ ದಾದರದಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆಯು ಟಾಟಾ ಆಸ್ಪತ್ರೆಗೆ ಬರುವ ಬಡವರಿಗೆ ನೆರಳಾಗಿದೆ. ಹುಬ್ಬಳ್ಳಿಗೆ ಹೋದವರಿಗೆ ಸಿದ್ಧಾರೂಢ ಮಠದ ಪ್ರಸಾದವೂ ಯಾತ್ರಿಕರ ವಸತಿಯೂ ಉಂಟು. ಸಾಗರದಾಚೆ 1974ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಆಸ್ಪತ್ರೆಯಲ್ಲಿರುವ ಮಕ್ಕಳ ತಂದೆತಾಯಿಗಳಿಗಾಗಿ ತೆರೆದ ರೊನಾಲ್ಡ್ ಮ್ಯಾಕ್‌ಡೊನಾಲ್ಡ್ ಹೌಸ್ ಎಂಬ ಮನೆಯು ಅನೇಕ ದೇಶಗಳಿಗೆ ಮಾದರಿಯಾಯಿತು.

ಹೊರಡುವವರಿಗೆ ಅನುಭವದಿಂದ ಕೆಲವು ಮಾತು. ಪಡಿತರ ಚೀಟಿ, ಆಧಾರ್ ಕಾರ್ಡು, ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಇವುಗಳ ಎರಡೆರಡು ಪ್ರತಿ ಕೈಯಲ್ಲಿರಲಿ. ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ಣ ರಿಯಾಯಿತಿಯೂ ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿಯೂ ಇವೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಕಾರ್ಯಕರ್ತರ ವಿಭಾಗ ಇರುತ್ತದೆ. ಮೊದಲ ದಿನವೇ ಅವರನ್ನು ಕಂಡು ವಸತಿಯ ವಿಷಯವನ್ನು ಕೇಳಬೇಕು. ಸಂಕೋಚಪಟ್ಟು ಸುಮ್ಮನಿದ್ದವರಿಗೆ ಸ್ಥಳ ಸಿಗುವುದು ತಡ.

ಹೊರಡದೆ ಊರಲ್ಲಿ ಉಳಿದವರಿಗೂ ಕರ್ತವ್ಯವಿದೆ. ವಿಜಯಪುರ, ಸೊಲ್ಲಾಪುರ, ಬೆಂಗಳೂರುಗಳಲ್ಲಿ ನಮ್ಮ ಸಮಾಜದ ಮಠಗಳು, ಪ್ರಸಾದನಿಲಯಗಳು, ಕಲ್ಯಾಣಮಂಟಪಗಳು ಇವೆ. ಮದುವೆಯಿಲ್ಲದ ದಿನಗಳಲ್ಲಿ ಮಂಟಪದ ಎರಡು ಕೋಣೆಗಳು ಬೀಗ ಹಾಕಿಕೊಂಡು ಸುಮ್ಮನಿರುತ್ತವೆ. ಅವುಗಳ ಬೀಗ ತೆಗೆದು, ನಾಲ್ಕು ಚಾಪೆ, ಒಂದು ಒಲೆ, ಕಾಯಿಸಿದ ನೀರು ಇಟ್ಟರೆ ಸಾಕು. ಜಾತಿ ಮತಗಳನ್ನು ಕೇಳದೆ, ಆಸ್ಪತ್ರೆಯ ಚೀಟಿಯನ್ನಷ್ಟೇ ನೋಡಿ ಸ್ಥಳ ಕೊಡುವ ನಿಯಮವಿರಲಿ. ಪ್ರತಿ ತಾಲ್ಲೂಕಿನ ಭಕ್ತರು ಸುಗ್ಗಿಯಲ್ಲಿ ಒಂದೊಂದು ಚೀಲ ಜೋಳ ಕಳಿಸಿದರೆ ವರ್ಷದ ರೊಟ್ಟಿಯ ಚಿಂತೆಯೂ ತೀರುತ್ತದೆ. ಗೃಹಿಣಿಯರು ಮನಸ್ಸು ಮಾಡಿದರೆ ಈ ಕಾರ್ಯ ಬೇಗ ಕೈಗೂಡುವುದೆಂದು ನಾವು ನಂಬಿದ್ದೇವೆ.

ನೊಂದವರ ತಲೆಯ ಮೇಲೆ ಸೂರೊಂದನ್ನು ಒದಗಿಸುವ ಬುದ್ಧಿಯನ್ನು ಗುರುಬಸವನು ಎಲ್ಲರಿಗೂ ಕರುಣಿಸಲಿ. ಶರಣು ಶರಣಾರ್ಥಿ.