ಟೊಪಗಿ ಹೋದ ಮೇಲೆ

ನಾನು ಸಣ್ಣವನಿದ್ದಾಗ ನಮ್ಮೂರು ಮುಡಬಿಯಲ್ಲಿ ಬೋಳುತಲೆಯವರು ಎಷ್ಟು ಮಂದಿ ಇದ್ದರು ಎಂದು ಕೇಳಿದರೆ ಹೇಳುವುದು ಕಷ್ಟ. ಇರಲಿಲ್ಲ ಅಂತಲ್ಲ, ಕಾಣುತ್ತಿರಲಿಲ್ಲ. ಗಂಡಸರ ತಲೆಯ ಮೇಲೆ ಏನಾದರೊಂದು ಇದ್ದೇ ಇರುತ್ತಿತ್ತು. ಹಿರಿಯರಿಗೆ ರುಮಾಲು, ಮಹಾರಾಷ್ಟ್ರದ ಗಾಳಿ ಬಡಿದವರಿಗೆ ಬಿಳಿ ಗಾಂಧಿ ಟೊಪಗಿ, ಮುಸಲ್ಮಾನರಿಗೆ ಅವರ ಟೊಪಗಿ, ಹೊಲಕ್ಕೆ ಹೊರಟವರಿಗೆ ಒಂದು ಟವೆಲ್. ವಯಸ್ಸಾದವರು ಬರಿದಲೆಯಲ್ಲಿ ಹೊಸ್ತಿಲು ದಾಟಿದರೆ ‘ಯಾರ್ ಸತ್ತಾರ?’ ಎಂದು ಕೇಳುವವರಿದ್ದರು. ನಮ್ಮ ಓಣಿಯ ಹಿರಿಯರೊಬ್ಬರ ನೆತ್ತಿ ಪೂರ್ತಿ ಬೋಳು ಎಂಬುದು ನನಗೆ ಗೊತ್ತಾದದ್ದು ಅವರ ಹೆಣಕ್ಕೆ ಸ್ನಾನ ಮಾಡಿಸುವಾಗ.

ಹಾಗಂತ ಆ ಕಾಲದ ಜನ ದೊಡ್ಡ ಮನಸ್ಸಿನವರಾಗಿದ್ದರು ಎಂದು ಯಾರೂ ತಿಳಿಯಬೇಕಿಲ್ಲ. ಟೊಪಗಿ ಜಾರಿದವನಿಗೆ ‘ಬೋಳ್ಯಾ’, ‘ಟಕಲ್ಯಾ’ ಎಂಬ ಹೆಸರು ಸಾಯುವತನಕ ಅಂಟುತ್ತಿತ್ತು. ಅವನ ಮಕ್ಕಳನ್ನೂ ಅದೇ ಹೆಸರಿಂದ ಗುರುತಿಸುತ್ತಿದ್ದರು. ಆದರೆ ಮದುವೆಗೆ ಅದು ಅಡ್ಡಿಯಾದದ್ದು ನನಗೆ ನೆನಪಿಲ್ಲ. ಗಂಡಿನ ತಲೆ ನೋಡುವುದಕ್ಕೆ ಮೊದಲೇ ಲಗ್ನ ಮುಗಿದಿರುತ್ತಿತ್ತು. ಹುಡುಗಿಗೆ ಕೇಳುವ ಹಕ್ಕೂ ಇರಲಿಲ್ಲ.

ಕ್ಷೌರ ನಡೆಯುತ್ತಿದ್ದುದು ಬೇವಿನ ಮರದ ಕೆಳಗೆ. ಹಡಪದ ಕಾಕಾ ಕುಕ್ಕುರುಗಾಲಲ್ಲಿ ಕೂತು ನಮ್ಮ ತಲೆಯನ್ನು ಎರಡು ಮೊಣಕಾಲ ನಡುವೆ ಸಿಗಿಸಿಕೊಂಡರೆ ಮಿಸುಕಾಡುವಂತಿರಲಿಲ್ಲ. ಕೈಯಲ್ಲಿ ನಡೆಸುವ ಮಷಿನ್ ಮಧ್ಯೆಮಧ್ಯೆ ಕೂದಲು ಕಚ್ಚಿ ಎಳೆಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ರಾಶಿಯಾದ ಮೇಲೆ ಆಯದ ಜೋಳ ಅಳೆದು ಕೊಟ್ಟರೆ ವರ್ಷದ ಲೆಕ್ಕ ಚುಕ್ತಾ. ಕಾಕಾ ಕುರು ಕೊಯ್ಯುತ್ತಿದ್ದರು, ಮುಳ್ಳು ತೆಗೆಯುತ್ತಿದ್ದರು, ತಲೆಗೆ ಔಷಧವನ್ನೂ ಹೇಳುತ್ತಿದ್ದರು. ಈಗ ಅವರ ಮೊಮ್ಮಗನ ಅಂಗಡಿಯಲ್ಲಿ ಮೂರು ಕನ್ನಡಿ, ತಿರುಗುವ ಕುರ್ಚಿ. ಗೋಡೆಯ ಮೇಲೆ ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರ ಫೋಟೊ, ಅದರ ಪಕ್ಕಕ್ಕೆ ಹೇರ್‌ಸ್ಟೈಲ್‌ಗಳ ಚಾರ್ಟು.

ಕಾಕಾನ ಔಷಧಗಳೆಂದರೆ ಉಳ್ಳಾಗಡ್ಡಿ ರಸ, ಗುಲಗಂಜಿ ತೇಯ್ದ ಗಂಧ, ಗರಗದ ಸೊಪ್ಪಿನ ಎಣ್ಣೆ. ಇವುಗಳ ಮೇಲೆ ಊರಿಗೆ ನಂಬಿಕೆ ಕೂತದ್ದಕ್ಕೆ ಕಾರಣವೂ ಇತ್ತು. ಕೂದಲು ಹುಳ ತಿಂದದ್ದು ಎಂದು ನಾವು ಹೇಳುತ್ತಿದ್ದ ದುಂಡನೆಯ ಬೋಳು ಚುಕ್ಕೆ ಬಹಳ ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ತುಂಬಿಕೊಳ್ಳುತ್ತದೆ. ಗುಲಗಂಜಿ ಹಚ್ಚಿದ್ದಾಗ ಅದು ತುಂಬಿದರೆ ಹೆಸರು ಗುಲಗಂಜಿಗೆ. ಅದೇ ಲೇಪವನ್ನು ಅಪ್ಪನಿಂದಲೋ ತಾಯಿಯ ಕಡೆಯಿಂದಲೋ ಇಳಿದು ಬಂದ ಬೋಳಿಗೆ ಹಚ್ಚಿದರೆ ಚರ್ಮ ಉರಿದು ಗುಳ್ಳೆ ಏಳುತ್ತಿತ್ತೇ ಹೊರತು ಇನ್ನೇನಿಲ್ಲ. ಈಗ ಫೋನಿನಲ್ಲಿ ಹುಣಸೂರು ತಾಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ಎಣ್ಣೆ ಬರುತ್ತದೆ, ಸಿನಿಮಾ ಮಂದಿಯೇ ಅದರ ಪ್ರಚಾರಕ್ಕೆ ನಿಂತಿದ್ದಾರೆ. ನಮ್ಮೂರಿಗೂ ಪಾರ್ಸಲ್ ಬಂದಿದೆ. ಹಚ್ಚಿದವರ ನೆತ್ತಿಯನ್ನು ನಾನು ನೋಡಿದ್ದೇನೆ, ಮೊದಲಿಗಿಂತ ಹೆಚ್ಚು ಹೊಳೆಯುತ್ತದೆ.

ಟೊಪಗಿ ಯಾವಾಗ ಹೋಯಿತು ಎಂದು ತಾರೀಕು ಹಾಕಿ ಹೇಳಲಾಗದು. ಪ್ಯಾಂಟು ಬಂತು, ಹುಮನಾಬಾದಿನ ಥಿಯೇಟರಿಗೆ ಹೋಗಿ ಬರುವುದು ಶುರುವಾಯಿತು, ಕಾಲೇಜಿಗೆ ಬಸವಕಲ್ಯಾಣಕ್ಕೆ ಹೋದ ಹುಡುಗರು ಹಿಂದಿನ ಜೇಬಿನಲ್ಲಿ ಬಾಚಣಿಕೆ ಇಟ್ಟುಕೊಂಡು ಮರಳಿದರು. ಒಮ್ಮೆ ತಲೆ ಬಯಲಾದ ಮೇಲೆ ಎಲ್ಲರ ನೆತ್ತಿಯೂ ಊರ ಆಸ್ತಿ. ಈಗ ವರನ ಬಯೋಡಾಟಾ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಹೊಲ ಎಷ್ಟು ಎಕರೆ ಎಂದು ಓದುವುದಕ್ಕೆ ಮೊದಲು ಫೋಟೊ ದೊಡ್ಡದು ಮಾಡಿ ನೋಡುತ್ತಾರೆ. 2017ರಲ್ಲಿ ರಾಜ್ ಬಿ. ಶೆಟ್ಟಿ ‘ಒಂದು ಮೊಟ್ಟೆಯ ಕಥೆ’ ಮಾಡಿದಾಗ ಬೋಳುತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಸಿಗದ ಕಥೆಗೆ ಜನ ನಕ್ಕರು. ನಮ್ಮ ಅಣ್ಣನ ಮಗ ನಗಲಿಲ್ಲ.

ಅವನಿಗೆ ಇಪ್ಪತ್ತೆರಡಕ್ಕೇ ಹಣೆಯ ಎರಡೂ ಮೂಲೆ ಹಿಂದೆ ಸರಿಯತೊಡಗಿದ್ದವು. ಗಂಡಸಿನ ಹಾರ್ಮೋನಿಗೂ ಇದಕ್ಕೂ ನಂಟಿದೆ ಎಂದು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲೇ ತೋರಿಸಿದ್ದ. ಬೀಜ ಒಡೆಸಿದ ಗಂಡಸರಿಗೆ ಇಂಥ ಬೋಳು ಬರುವುದಿಲ್ಲ ಎಂಬುದು ಅವನಿಗೆ ಸಿಕ್ಕ ಸುಳಿವು. ಹಣೆ ಮತ್ತು ನೆತ್ತಿಯ ಬೇರುಗಳು ಆ ಹಾರ್ಮೋನಿಗೆ ಸೊರಗುತ್ತವೆ, ಹಿಂದಲೆಯ ಬೇರುಗಳು ಜಗ್ಗುವುದಿಲ್ಲ. ಕೂದಲು ಕಸಿ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಮುಡಬಿ ಇನ್ನೂ ನಿಜಾಮರ ರಾಜ್ಯದಲ್ಲಿದ್ದ 1939ರಲ್ಲಿ ಜಪಾನಿನ ಶೋಜಿ ಓಕುಡಾ ಎಂಬ ಚರ್ಮವೈದ್ಯ, ಸುಟ್ಟು ಗಾಯವಾದ ತಲೆಗಳಿಗೆ ಕೂದಲಿರುವ ಚರ್ಮದ ಸಣ್ಣ ತುಣುಕು ನೆಟ್ಟು ಅದನ್ನು ಬರೆದಿಟ್ಟ. ಬರೆದದ್ದು ಜಪಾನಿಯಲ್ಲಿ, ಮೇಲೆ ಯುದ್ಧ, ಹೊರಗಿನವರಿಗೆ ತಿಳಿಯಲಿಲ್ಲ. ನ್ಯೂಯಾರ್ಕಿನ ನಾರ್ಮನ್ ಓರೆಂಟ್ರೈಖ್ 1952ರಲ್ಲಿ ಗಂಡಸಿನ ಬೋಳಿಗೇ ಇದನ್ನು ಮಾಡಿ 1959ರಲ್ಲಿ ಪ್ರಕಟಿಸಿದ. ಹಿಂದಿನ ಕೂದಲು ಮುಂದೆ ಬಂದರೂ ತನ್ನ ಹಿಂದಿನ ಗುಣ ಬಿಡುವುದಿಲ್ಲ ಎಂಬುದು ಅವನು ಕಂಡುಕೊಂಡದ್ದು. ಆಗ 4 ಮಿಲಿಮೀಟರ್ ಅಗಲದ ತುಣುಕು ನೆಡುತ್ತಿದ್ದರು, ಗೊಂಬೆಯ ತಲೆಯ ಹಾಗೆ ಜೊಂಪೆಜೊಂಪೆಯಾಗಿ ಕಾಣುತ್ತಿತ್ತು. ಈಗ ಒಂದು ಮಿಲಿಮೀಟರ್ ಆಜುಬಾಜಿನ ಕೊಳವೆ ಸೂಜಿಯಲ್ಲಿ ಒಂದೊಂದೇ ಬುಡ ಕೀಳುತ್ತಾರೆ.

ಕಸಿಗೆಂದು ಹುಡುಗನ ಜೊತೆ ಹೈದರಾಬಾದಿಗೆ ನಾನೇ ಹೋಗಿದ್ದೆ. ನಮ್ಮ ಕಡೆಯವರಿಗೆ ದೊಡ್ಡ ದವಾಖಾನೆ ಎಂದರೆ ಬೆಂಗಳೂರಲ್ಲ, ಹೈದರಾಬಾದು ಇಲ್ಲವೇ ಸೊಲ್ಲಾಪುರ. 2,500 ಗ್ರಾಫ್ಟು, ಅಂದರೆ ಅಷ್ಟು ಬುಡ, 90,000 ರೂಪಾಯಿ. ಆ ವರ್ಷದ ತೊಗರಿ ಅದಕ್ಕೇ ಹೋಯಿತು. ಡಾಕ್ಟರು ಬಂದು ಹಣೆಯ ಮೇಲೆ ಪೆನ್ನಿನಿಂದ ಗೆರೆ ಎಳೆದರು, ತಲೆ ಮರಗಟ್ಟುವ ಸೂಜಿ ಚುಚ್ಚಿದರು, ಹೋದರು. ಮತ್ತೆ ಸಂಜೆಗೇ ಬಂದದ್ದು. ಉಳಿದದ್ದೆಲ್ಲ ಇಬ್ಬರು ಟೆಕ್ನಿಷಿಯನ್‌ಗಳದು. ಬೋಳಿಸಿದ ಹಿಂದಲೆಯನ್ನು ಮೇಲೆ ಮಾಡಿ ಹುಡುಗ ಕವುಚಿ ಮಲಗಿದ್ದ. ಬಾಗಿಲ ಗಾಜಿನಿಂದ ನನಗೆ ಕಂಡದ್ದು ಒಂದು ಗಾಜಿನ ತಟ್ಟೆ. ತಣ್ಣನೆಯ ಸಲೈನಿನಲ್ಲಿ ತೋಯಿಸಿದ ಬಟ್ಟೆಯ ಮೇಲೆ ಹತ್ತತ್ತರ ಸಾಲಾಗಿ ಜೋಡಿಸಿದ ಬುಡಗಳು. ಒಂದೊಂದರಲ್ಲೂ ಒಂದೋ ಎರಡೋ ಮೂರೋ ಕೂದಲು, ತುದಿಯಲ್ಲಿ ಜೋಳದ ಮೊಳಕೆಯಷ್ಟು ಬೆಳ್ಳಗಿನ ತಿರುಳು. ಒಣಗಿದರೆ ಕೆಟ್ಟವು. ಒಂಟಿ ಕೂದಲಿನವನ್ನು ಆರಿಸಿ ಹಣೆಯ ಅಂಚಿಗೆ ನೆಡುತ್ತಾರೆ, ಇಲ್ಲವಾದರೆ ಅಂಚು ಗೋಡೆ ಕಟ್ಟಿದಂತೆ ಕಾಣುತ್ತದಂತೆ.

ಕಸಿಯನ್ನು ಯಾರು ಮಾಡಬೇಕು ಎಂಬುದಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಸೆಪ್ಟೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ತರಬೇತಾದ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಲ್ಲ ಎಂದು ಅದರಲ್ಲಿ ಬರೆಯಬೇಕಾಗಿ ಬಂತು ಎಂದರೆ ಪರಿಸ್ಥಿತಿ ಏನೆಂದು ತಿಳಿಯಿರಿ. 2016ರಲ್ಲಿ ಚೆನ್ನೈಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕಸಿಯ ಬೆನ್ನಲ್ಲೇ ಸತ್ತಿದ್ದ. ಕಾನ್ಪುರದಲ್ಲಿ ಇಬ್ಬರು ಎಂಜಿನಿಯರುಗಳು ಸತ್ತ ಪ್ರಕರಣ 2025ರಲ್ಲಿ ಹೊರಬಂತು, ಆರೋಪಿ ಒಬ್ಬ ದಂತವೈದ್ಯೆ. ಇದನ್ನೆಲ್ಲ ನಾನು ಓದಿದ್ದು ನಮ್ಮ ಹುಡುಗನದು ಮುಗಿದ ಮೇಲೆ. ಕುರು ಕೊಯ್ಯುತ್ತಿದ್ದ ಕಾಕಾ ಕನಿಷ್ಠ ತಾನು ಡಾಕ್ಟರ್ ಎಂದು ಬೋರ್ಡು ಹಾಕಿರಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಹುಡುಗನ ಹಣೆ ಬಾತು ಕಣ್ಣು ಮುಚ್ಚಿದವು. ಕೂತಂತೆಯೇ ಮಲಗಬೇಕು, ತಾಸಿಗೊಮ್ಮೆ ಸಲೈನ್ ಸಿಂಪಡಿಸಬೇಕು, ಹತ್ತು ದಿನ ಹಕ್ಕಳೆ ಕೀಳಬಾರದು. ಮೂರನೇ ವಾರಕ್ಕೆ ನೆಟ್ಟ ಕೂದಲೆಲ್ಲ ದಿಂಬಿನ ಮೇಲೆ ಉದುರಿದವು. ಅವನ ತಾಯಿ ಕ್ಲಿನಿಕ್ಕಿನವರಿಗೆ ಹಾಕದ ಶಾಪವಿಲ್ಲ. ‘ಯಾನ್ ಮಾಡಿ ಬಂದಿ? ರೊಕ್ಕ ಕೊಟ್ಟು ಉದರಸ್ಕೊಂಡು ಬಂದಿ!’ ಅದು ಹಾಗೇ ಆಗುವುದು. ಮೇಲಿನ ಕೂದಲು ಬೀಳುತ್ತದೆ, ಬುಡ ಒಳಗಿರುತ್ತದೆ, ಮೂರು ನಾಲ್ಕು ತಿಂಗಳಿಗೆ ಹೊಸದು ಏಳುತ್ತದೆ, ಪೂರ್ತಿ ಕಾಣಲು ವರ್ಷ ಹಿಡಿಯುತ್ತದೆ. ಅವನಿಗೂ ಎದ್ದವು. ಚೆನ್ನಾಗಿಯೇ ಎದ್ದವು, ಅದರಲ್ಲಿ ಸುಳ್ಳಿಲ್ಲ.

ನಮ್ಮ ದೊಡ್ಡಪ್ಪ ಇದನ್ನು ಮೆಣಸಿನ ಅಗಿಗೆ ಹೋಲಿಸಿದರು. ಮಡಿಯಿಂದ ಕಿತ್ತು ಹೊಲಕ್ಕೆ ಹಚ್ಚಿದ ಅಗಿ ಮೊದಲು ಬಾಡಿ ಆಮೇಲೆ ಚಿಗುರುತ್ತದಲ್ಲ, ಹಾಗೆ. ಅಲ್ಲಿಯವರೆಗೆ ಹೋಲಿಕೆ ಸರಿ. ಆದರೆ ಅಗಿ ಮುಗಿದರೆ ಮಡಿಗೆ ಮತ್ತೆ ಬೀಜ ಚೆಲ್ಲಬಹುದು. ಹಿಂದಲೆಗೆ ಚೆಲ್ಲಲು ಬೀಜವಿಲ್ಲ. ಕಸಿ ಒಂದೇ ಒಂದು ಕೂದಲನ್ನೂ ಹೊಸದಾಗಿ ಹುಟ್ಟಿಸುವುದಿಲ್ಲ, ಇದ್ದುದರ ಜಾಗ ಬದಲಿಸುತ್ತದೆ ಅಷ್ಟೇ. ಹಿಂದಲೆ ತೆಳ್ಳಗಾಗಿ ಕಾಣದಂತೆ ಜೀವಮಾನದಲ್ಲಿ ತೆಗೆಯಬಹುದಾದದ್ದು ಬಹುಪಾಲು ಜನರಲ್ಲಿ ಕೆಲವೇ ಸಾವಿರ ಗ್ರಾಫ್ಟು. ಅದರಲ್ಲಿ 2,500 ನಮ್ಮ ಹುಡುಗ ಇಪ್ಪತ್ತೇಳಕ್ಕೇ ಹಣೆಗೆ ಖರ್ಚು ಮಾಡಿದ. ಈಗ ನೆತ್ತಿ ಹೋಗುತ್ತಿದೆ. ಅದನ್ನು ತಡೆಯಲು ಔಷಧ ಬೇರೆ. ರಕ್ತದೊತ್ತಡಕ್ಕೆಂದು ಬಂದು ಅಮೆರಿಕದಲ್ಲಿ 1988ರಲ್ಲಿ ತಲೆಗೆ ಒಪ್ಪಿಗೆ ಪಡೆದ ಮಿನಾಕ್ಸಿಡಿಲ್, ಪ್ರಾಸ್ಟೇಟಿನಿಂದ 1997ರಲ್ಲಿ ತಲೆಗೆ ಬಡ್ತಿ ಪಡೆದ ಫಿನಾಸ್ಟರೈಡ್. ಬಿಟ್ಟರೆ ಉಳಿಸಿಕೊಂಡದ್ದೂ ಹೋಗುತ್ತದೆ, ಆದ್ದರಿಂದ ಬಿಡುವ ಹಾಗಿಲ್ಲ. ಇದನ್ನು 90,000 ರೂಪಾಯಿ ಎಣಿಸಿಕೊಳ್ಳುವ ಮೊದಲು ಯಾರೂ ಬಿಡಿಸಿ ಹೇಳಲಿಲ್ಲ. ಗೆರೆ ಎಳೆದ ಡಾಕ್ಟರು ‘ಎಲ್ಲ ಬರ್ತದ’ ಎಂದಿದ್ದರು.

ಅದೇ ಓಣಿಯಲ್ಲಿ ಬೈಕಿಗೆ ಮೈಕು ಕಟ್ಟಿಕೊಂಡು ಕೂದಲು ಕೊಳ್ಳುವವರು ಬರುತ್ತಾರೆ. ಹೆಂಗಸರು ಬಾಚಣಿಕೆಯಲ್ಲಿ ಸಿಕ್ಕಿದ್ದನ್ನು ಉಂಡೆ ಮಾಡಿ ಗೋಡೆಯ ಸಂದಿಗೆ ಸಿಗಿಸಿಟ್ಟಿರುತ್ತಾರೆ. ಹಿಂದೆ ಅದಕ್ಕೆ ಸೂಜಿ, ಪಿನ್ನು ಕೊಡುತ್ತಿದ್ದರು. ಈಗ ಸ್ಟೀಲು ಡಬ್ಬಿ, ಕೆಲವೊಮ್ಮೆ ನಗದು. ಕೊಪ್ಪಳದ ಭಾಗ್ಯನಗರದಲ್ಲಿ ಇಂಥ ಕೂದಲನ್ನು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ದೊಡ್ಡ ಕಸುಬೇ ಇದೆ. ಉದುರಿದ ಹೆಂಗಸರ ಕೂದಲಿಗೆ ತೂಕದ ದರ, ಉದುರಿದ ಗಂಡಸರ ಕೂದಲಿಗೆ ಎಣಿಕೆಯ ದರ. ಹೆಂಗಸರ ಕೂದಲು ಉದುರುವುದು ನಮ್ಮ ಮನೆಗಳಲ್ಲಿ ಇನ್ನೂ ಕಾಯಿಲೆಯಲ್ಲ, ಡಬ್ಬಿಯ ವ್ಯಾಪಾರ.

ಇನ್ನು ಹುಡುಗನ ಮದುವೆ. ಕೂದಲು ಬಂದ ಮೇಲೆ ಹೊಸ ಫೋಟೊ ಹೋಯಿತು. ಮೊದಲ ಸಂಬಂಧದವರು ಬಂದು ಚಹಾ ಕುಡಿದು, ‘ಪರ್ಮನೆಂಟ್ ನೌಕರಿ ಇಲ್ಲ, ಒಕ್ಕಲುತನ’ ಎಂದು ಹೋದರು. ತಲೆಯ ಕಡೆ ಯಾರೂ ನೋಡಲೇ ಇಲ್ಲ. ಎರಡನೆಯದು ಹುಮನಾಬಾದ್ ಕಡೆಯದು. ಮಾತುಕತೆ ಮುಗಿದು ಎಲ್ಲರೂ ಏಳುವಾಗ ಹುಡುಗಿಯ ಅಣ್ಣ ನನ್ನನ್ನು ದನದ ಕೊಟ್ಟಿಗೆಯ ಕಡೆ ಕರೆದೊಯ್ದ. ವರದಕ್ಷಿಣೆಯ ಮಾತೇನೋ ತೆಗೆಯುತ್ತಾನೆ ಅಂದುಕೊಂಡೆ. ಅವನು ತಲೆಯ ಮೇಲಿನ ಕ್ರಿಕೆಟ್ ಕ್ಯಾಪು ತೆಗೆದು, ‘ಕಾಕಾ, ಗ್ರಾಫ್ಟಿಗಿ ಎಷ್ಟ್ ತಗೊಂಡ್ರು?’ ಎಂದ.