ಕಿತ್ತೂರಿನಿಂದ ರಾಮದುರ್ಗ: ಕುಲುಕಾಟದ ಪಾಠ

ಬೆಳಗಾವಿ ಜಿಲ್ಲೆಯ ನೆಲ ಒಂದೇ ಬಗೆಯದಲ್ಲ. ಪಡುವಲಿಗೆ ಖಾನಾಪುರದ ಕಾಡು, ಮಳೆ. ಅಲ್ಲಿಂದ ಮೂಡಲಿಗೆ ಬಂದಂತೆ ಕಾಡು ಸರಿದು ಕಿತ್ತೂರು, ಬೈಲಹೊಂಗಲಗಳ ಹೊಲಗಳು ತೆರೆದುಕೊಳ್ಳುತ್ತವೆ. ಮುಂದೆ ಸವದತ್ತಿಯ ಕಲ್ಲುಗುಡ್ಡ. ಕೊನೆಗೆ ಮಲಪ್ರಭೆಯ ದಂಡೆಯ ರಾಮದುರ್ಗ. ಈ ನಾಲ್ಕು ಊರುಗಳನ್ನು ಪೋಣಿಸುವ ದಾರಿ ನೂರು ಕಿಲೋಮೀಟರಿಗೆ ಅತ್ತಿತ್ತ. ಕೋಟೆ, ಗುಡಿ, ಹೊಳೆ ನೋಡುತ್ತ, ಹಳ್ಳಿಗಳ ಒಳದಾರಿ ಹಿಡಿದು ಹೋಗುವವರಿಗೆ ಒಂದು ಇಡೀ ದಿನ ಬೇಕು. ಜೊತೆಗೆ ಗಟ್ಟಿ ವಾಹನವೂ ಬೇಕು.

ನಮಗೆ ಒದಗಿದ್ದು ಅಣ್ಣನ ಹಳೆಯ ಜೀಪು. ಕಿತ್ತೂರಿನ ಸಮೀಪದ ಹಳ್ಳಿಯಲ್ಲಿ ಒಕ್ಕಲುತನ ಮಾಡುವ ಅವನಿಗೆ ಅದು ಹೊಲಕ್ಕೂ ಬೇಕು, ಸಂತೆಗೂ ಬೇಕು. ಮುಂಜಾನೆ ಓಣಿಯ ಐದಾರು ಮಕ್ಕಳನ್ನು ಶಾಲೆಗೆ ಮುಟ್ಟಿಸುವುದೂ ಅದೇ. ಕೆಲವು ತಿಂಗಳಿಂದ ಅದು ಒಂದು ತಗ್ಗು ದಾಟಿದರೆ ಮೂರು ನಾಲ್ಕು ಸಲ ತೊಟ್ಟಿಲಿನಂತೆ ತೂಗುತ್ತಿತ್ತು. “ಜೀಪು ಅಂದ್ರ ಕುಲುಕೂದ. ನಡೀತದಲ್ಲ, ಸಾಕು” ಎಂಬುದು ಅಣ್ಣನ ವಾದ. ಪಿಯುಸಿಯಲ್ಲಿ ವಿಜ್ಞಾನ ಓದುವ ಅವನ ಮಗನೂ ನಮ್ಮ ಜೊತೆ ಹೊರಟ.

ಮೊದಲು ಕಿತ್ತೂರು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಕಂಪನಿ ಸರಕಾರವನ್ನು ಬೆಚ್ಚಿಬೀಳಿಸಿದ ಊರು. 2024ರಲ್ಲಿ ಆ ವಿಜಯಕ್ಕೆ 200 ವರ್ಷ ತುಂಬಿತು. ಆದರೆ ಅದೇ 1824ರ ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾದಳು. ಕೋಟೆಯೊಳಗೆ ಈಗ ಉಳಿದಿರುವುದು ಅರಮನೆಯ ಅವಶೇಷ ಮತ್ತು ಒಂದು ವಸ್ತುಸಂಗ್ರಹಾಲಯ. ಮಕ್ಕಳನ್ನು ಕರೆದುಕೊಂಡು ಹೋಗುವವರು ಎರಡನ್ನೂ ಸಾವಕಾಶವಾಗಿ ನೋಡಬೇಕು.

ಕಿತ್ತೂರಿನಿಂದ ಬೈಲಹೊಂಗಲದತ್ತ ಸಾಗಿದಂತೆ ಎರೆಹೊಲಗಳು ಎದುರಾಗುತ್ತವೆ. ಹತ್ತಿ, ಜೋಳ, ಕಡಲೆಗೆ ಹೇಳಿ ಮಾಡಿಸಿದ ಈ ಕರಿಮಣ್ಣು ರಸ್ತೆಗೆ ಮಾತ್ರ ಒಳ್ಳೆಯ ಗೆಳೆಯನಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಒಣಗಿ, ಕುಗ್ಗಿ, ಬಿರುಕು ಬಿಡುತ್ತದೆ. ಕೆಳಗಿನ ನೆಲ ಹೀಗೆ ಉಸಿರಾಡಿದರೆ ಮೇಲಿನ ಡಾಂಬರು ಸುಮ್ಮನೆ ಹೇಗೆ ಇದ್ದೀತು? ಬುನಾದಿ ಸರಿಯಿಲ್ಲದ ಕಡೆ ಅದು ಅಲೆ ಅಲೆಯಾಗುತ್ತದೆ. ಆ ಅಲೆಗಳ ಮೇಲೆ ನಮ್ಮ ಜೀಪು ದೋಣಿಯಾಯಿತು. ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂದಾಗ ಬ್ರೇಕು ಒತ್ತಿದರೆ ಮೂತಿ ನೆಲಕ್ಕೆ ಬಾಗಿತು. ಗಾಲಿ ಮಾತ್ರ ಕುಣಿಯುತ್ತ ಮುಂದೆ ಹೋಯಿತು. ಎಮ್ಮೆ ಉಳಿಯಿತು. ಅಣ್ಣ ಮಾತಿಲ್ಲದೆ ಬೈಲಹೊಂಗಲದ ಗ್ಯಾರೇಜಿನ ಮುಂದೆ ಜೀಪು ನಿಲ್ಲಿಸಿದ.

ಮಿಸ್ತ್ರಿ ಬಾನೆಟ್ಟು ತೆಗೆಯಲಿಲ್ಲ, ಸ್ಪ್ಯಾನರೂ ಹಿಡಿಯಲಿಲ್ಲ. ಬಂಪರಿನ ಒಂದು ಮೂಲೆಯನ್ನು ಬಲವಾಗಿ ಅದುಮಿ ಕೈಬಿಟ್ಟ. ಜೀಪು ಮೇಲೆದ್ದಿತು, ಇಳಿಯಿತು, ಮತ್ತೆ ಎದ್ದಿತು. “ಚಲೋ ಇದ್ದದ್ದು ಒಮ್ಮೆ ಎದ್ದು ನಿಂತುಬಿಡ್ತೈತ್ರಿ. ಪಾಟಾ ಗಟ್ಟಿ ಅದಾವು. ಶಾಕಪ್ಸರ್ ಸತ್ತಾವು” ಎಂದ. ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಸೋರಿ, ಅದಕ್ಕೆ ಧೂಳು ಮೆತ್ತಿ, ದಪ್ಪ ಪದರವಾಗಿತ್ತು. ಟಾಯರಿನ ಮೇಲೆ ಕೈಯಾಡಿಸಿದರೆ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆತ.

“ಸ್ಪ್ರಿಂಗ್ ಇರಬೇಕಾದರೆ ಇದೊಂದು ಯಾಕೆ?” ಎಂದು ಹುಡುಗ ಕೇಳಿದ. ಪ್ರಶ್ನೆ ಸರಿಯಾಗಿತ್ತು. ಜೀಪಿನ ಭಾರ ಹೊರುವುದು ಪಾಟಾ, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಗಾಲಿ ಕಲ್ಲಿಗೆ ಬಡಿದಾಗ ಆ ಹೊಡೆತವನ್ನು ಅದು ನುಂಗುತ್ತದೆ. ಆದರೆ ನುಂಗಿದ್ದನ್ನು ಇಟ್ಟುಕೊಳ್ಳುವ ಗುಣ ಅದಕ್ಕಿಲ್ಲ. ಮರುಕ್ಷಣ ಹಿಂದಕ್ಕೆ ಕೊಡುತ್ತದೆ. ಇದೇ ಕುಲುಕಾಟ. ಅದನ್ನು ತಣಿಸುವುದು ಶಾಕ್ ಅಬ್ಸಾರ್ಬರು. ಅದೊಂದು ಎಣ್ಣೆ ತುಂಬಿದ ಕೊಳವೆ. ಒಳಗಿನ ಪಿಸ್ಟನ್ನಿಗೆ ಸಣ್ಣ ಸಣ್ಣ ರಂಧ್ರಗಳು. ಗಾಲಿ ಮೇಲೆ ಕೆಳಗೆ ಆಡಿದಾಗ ಎಣ್ಣೆ ಆ ರಂಧ್ರಗಳಲ್ಲಿ ನುಸುಳಬೇಕು. ನುಸುಳುವ ಆ ಕಷ್ಟದಲ್ಲಿ ಕುಲುಕಾಟದ ಶಕ್ತಿಯೆಲ್ಲ ಶಾಖವಾಗಿ ಗಾಳಿಗೆ ಹೋಗುತ್ತದೆ. ಕೆಟ್ಟ ರಸ್ತೆಯಲ್ಲಿ ಓಡಿ ಬಂದ ವಾಹನದ ಶಾಕ್ ಅಬ್ಸಾರ್ಬರು ಬಿಸಿಯಾಗಿರುವುದು ಇದಕ್ಕೇ. “ಕಾಕಾ, ಇದು ನಮ್ಮ ಪುಸ್ತಕದಾಗಿನ ಡ್ಯಾಂಪಿಂಗ್!” ಎಂದ ಹುಡುಗ. ಪುಸ್ತಕದಲ್ಲಿ ಗೆರೆಯಾಗಿ ಸಣ್ಣದಾಗುತ್ತ ಹೋಗುವ ಅಲೆ ಇಲ್ಲಿ ಜೀಪಿನ ಬಂಪರಾಗಿ ಕಣ್ಣೆದುರು ನಿಂತಿತ್ತು.

1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪಿನಲ್ಲೂ ಇದೇ ಜೋಡಿ ಇತ್ತು: ಪಾಟಾ ಮತ್ತು ಎಣ್ಣೆಯ ಶಾಕ್ ಅಬ್ಸಾರ್ಬರು. ಆ ಜೀಪು 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿಯ ಮೂಲಕ ಮುಂಬೈಗೆ ಬಂದಿತು. ಅದರ ವಂಶದ ಗಾಡಿಗಳು ಆಮೇಲೆ ನಮ್ಮ ಹಳ್ಳಿಗಳ ದಾರಿ ತುಳಿದವು.

“ಎರಡು ಹಾಕಿದ್ರ ಸಾಕಲ್ಲ?” ಎಂದ ಅಣ್ಣ. ಮಿಸ್ತ್ರಿ ನಕ್ಕ. “ಹಾಕೂದಾದ್ರ ಒಂದು ಆಕ್ಸಲ್ಲಿಗೆ ಜೋಡಿ ಹಾಕಬೇಕ್ರಿ. ಒಂದು ಕಡೆ ಹೊಸಾದು, ಒಂದು ಕಡೆ ಹಳೇದು ಆದ್ರ ಗಾಡಿ ಒಂದು ಮಗ್ಗಲಕ್ಕ ಎಳೀತೈತಿ. ಮತ್ತ ಒಂದು ಮಾತು: ಶಾಕಪ್ಸರ್ ಇರೂದು ನಿಮ್ಮ ಸೊಂಟಕ್ಕಲ್ರಿ, ಗಾಲಿಗೆ. ಗಾಲಿ ನೆಲಾ ಬಿಟ್ರ ಬ್ರೇಕ್ ಏನ್ ಹಿಡೀಬೇಕು?” ಅಣ್ಣ ಹಿಂದಿನ ಸೀಟಿನತ್ತ ನೋಡಿದ. ದಿನವೂ ಅಲ್ಲಿ ಕೂರುವ ಮಕ್ಕಳು ನೆನಪಾದರೇನೋ. “ನಾಲ್ಕೂ ಹಾಕ್ರಿ” ಎಂದ.

ಕೆಲಸ ಶುರುವಾಯಿತು. ಗಾಲಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಗಟ್ಟಿಯಾದ ಆಸರೆ ಇಟ್ಟ ಮೇಲೆಯೇ ಮಿಸ್ತ್ರಿ ಅಡಿಗೆ ಹೋದ. ಬರಿ ಜಾಕನ್ನು ನಂಬಿ ಗಾಡಿಯ ಕೆಳಗೆ ಮಲಗಬಾರದೆಂದು ಹುಡುಗನಿಗೆ ಹೇಳಿದ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿದ. ಬಿಚ್ಚಿದ ಹಳೆಯದನ್ನು ಹುಡುಗನ ಕೈಗೆ ಕೊಟ್ಟ. ಅದು ಸೈಕಲ್ ಪಂಪಿಗಿಂತ ಹಗುರವಾಗಿ ಹಿಂದೆ ಮುಂದೆ ಸರಿಯಿತು. ಹೊಸದನ್ನು ಎಳೆಯಲು ಹುಡುಗ ಎರಡೂ ಕೈ ಹಚ್ಚಬೇಕಾಯಿತು. ಒಳಗಿನ ಗಾಳಿ ಹೋಗಲೆಂದು ಹೊಸದನ್ನು ನೆಟ್ಟಗೆ ಹಿಡಿದು ನಾಲ್ಕಾರು ಸಲ ಎಳೆದು ಒತ್ತಿ, ಹೊಸ ರಬ್ಬರ್ ಬುಷ್ಷು ಕೂಡಿಸಿ, ಮೇಲಿನ ತುದಿಯನ್ನು ಚಾಸಿಗೂ ಕೆಳಗಿನದನ್ನು ಪಾಟಾದ ಪ್ಲೇಟಿಗೂ ಜೋಡಿಸಿದ. ನಟ್ಟುಗಳನ್ನು ಪೂರ್ತಿ ಬಿಗಿದದ್ದು ಜೀಪನ್ನು ನೆಲಕ್ಕೆ ಇಳಿಸಿದ ಮೇಲೆ; ಇಲ್ಲವಾದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದಂತೆ.

ಊರಿನಲ್ಲಿರುವ ಚೆನ್ನಮ್ಮನ ಸಮಾಧಿಗೆ ಹೋಗಿಬಂದೆವು. ಸೆರೆಯಲ್ಲೇ 1829ರ ಫೆಬ್ರುವರಿ 2ರಂದು ರಾಣಿ ತೀರಿಕೊಂಡಳು. ಕಿತ್ತೂರಿನ ಗೆಲುವನ್ನು ನೋಡಿ ಬಂದ ಮಕ್ಕಳಿಗೆ ಬೈಲಹೊಂಗಲದ ಈ ಮೌನವನ್ನೂ ತೋರಿಸಬೇಕು. ಇತಿಹಾಸ ಆಗಲೇ ಪೂರ್ತಿಯಾಗುವುದು.

ಸವದತ್ತಿಯ ದಾರಿಯಲ್ಲಿ ಜೀಪು ಬೇರೆಯೇ ಆಗಿತ್ತು. ತಗ್ಗು ಬಂದರೆ ಒಮ್ಮೆ ಬಗ್ಗಿ, ಎದ್ದು, ಸುಮ್ಮನಾಗುತ್ತಿತ್ತು. ಮೆತ್ತಗಾಯಿತೆಂದು ಹೇಳಲಾಗದು, ಜೀಪು ಜೀಪೇ. ಆದರೆ ಹೇಳಿದ ಮಾತು ಕೇಳುತ್ತಿತ್ತು. ಸುಗಂಧವರ್ತಿ ಎಂಬ ಹೆಸರಿನಲ್ಲಿ ಸವದತ್ತಿ ರಟ್ಟರ ರಾಜಧಾನಿಯಾಗಿತ್ತು. ಊರ ಕೋಟೆ ನೋಡಿ ಯಲ್ಲಮ್ಮನ ಗುಡ್ಡ ಏರಿದೆವು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಇಲ್ಲಿಗೆ ಬರುವ ಚಕ್ಕಡಿಗಳಿಗೆ ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಹಾಸಿದ ಮೇವು ಮತ್ತು ಎತ್ತಿನ ನಡಿಗೆಯೇ ಅವಕ್ಕೆ ಸಾಕು. ವೇಗ ಹೆಚ್ಚಿದಾಗಲೇ ಹೊಡೆತವೂ ಹೆಚ್ಚುವುದು, ಅದನ್ನು ತಾಳುವ ಏರ್ಪಾಟೂ ಬೇಕಾಗುವುದು. ಜಾತ್ರೆಗೆ ಜನರನ್ನು ತುಂಬಿಕೊಂಡು ಧಾವಿಸುವ ಟೆಂಪೋ, ಜೀಪುಗಳ ಮಾಲೀಕರು ಇದನ್ನು ಮರೆಯಬಾರದು.

ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ನೋಡಿ ರಾಮದುರ್ಗದತ್ತ ಹೊರಟರೆ ಅಲ್ಲಲ್ಲಿ ಕಲ್ಲುನೆಲ. ಎರೆಯ ದಾರಿಯದು ಉದ್ದನೆಯ ಅಲೆ. ಕಲ್ಲುದಾರಿಯದು ಬಿಡುವಿಲ್ಲದ ಸಣ್ಣ ಬಡಿತ. ಶಾಕ್ ಅಬ್ಸಾರ್ಬರಿಗೆ ಎರಡೂ ಪರೀಕ್ಷೆಯೇ. ಬಡಿತ ನಿಲ್ಲದಿದ್ದರೆ ಎಣ್ಣೆ ಕಾದು ತೆಳುವಾಗಿ ಹಿಡಿತ ಸಡಿಲುತ್ತದೆ. ಅಂಥ ಕಡೆ ನಿಧಾನವೇ ಔಷಧ. 1948ರವರೆಗೆ ಪುಟ್ಟ ಸಂಸ್ಥಾನವಾಗಿದ್ದ ರಾಮದುರ್ಗ ನೇಕಾರರ ಊರು. 2019ರ ಆಗಸ್ಟಿನಲ್ಲಿ ಉಕ್ಕಿ ಬಂದ ಮಲಪ್ರಭೆಯನ್ನು ಇಲ್ಲಿನವರು ಮರೆತಿಲ್ಲ. ಹತ್ತಿರದ ಸುರೇಬಾನದ ಶಬರಿಕೊಳ್ಳ, ಗೊಡಚಿಯ ವೀರಭದ್ರನ ಗುಡಿ ನೋಡುವಂಥವು.

ತಂದೆತಾಯಿಗಳಿಗೆ ಒಂದು ಸೂಚನೆ. ನಿಮ್ಮ ಮಕ್ಕಳು ಶಾಲೆಗೆ ಹೋಗುವ ಗಾಡಿ ತಗ್ಗು ದಾಟಿದ ಮೇಲೂ ತೂಗುತ್ತದೆಯೇ, ಬ್ರೇಕು ಒತ್ತಿದರೆ ಮೂತಿ ಬಗ್ಗುತ್ತದೆಯೇ, ರಾತ್ರಿ ಅದರ ದೀಪ ರಸ್ತೆ ಬಿಟ್ಟು ಮರ ನೋಡುತ್ತದೆಯೇ, ಗಮನಿಸಿ. ಸಂಶಯ ಬಂದರೆ ಚಾಲಕರಿಗೆ ಹೇಳಿ ಒಮ್ಮೆ ಮಿಸ್ತ್ರಿಗೆ ತೋರಿಸಿ. ರಜೆಯಲ್ಲಿ ಮಕ್ಕಳನ್ನು ಕೋಟೆ, ಗುಡಿಗಳಿಗೆ ಕರೆದುಕೊಂಡು ಹೋಗುವಾಗ ದಾರಿಯ ಗ್ಯಾರೇಜಿನಲ್ಲೂ ಅರ್ಧ ತಾಸು ನಿಲ್ಲಿಸಿ. ಮಸಿ ಹಿಡಿದ ಕೈಗಳಲ್ಲಿ ಎಷ್ಟು ವಿಜ್ಞಾನವಿದೆ ಎಂಬುದು ಅವರಿಗೂ ತಿಳಿಯಲಿ.