ಶಿವಡಿಯ ಕರಿಯ ಬೆಳ್ಳಕ್ಕಿ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ಸಮುದ್ರವೆಂದರೆ ಚೌಪಾಟಿ, ಜುಹೂ. ಊರಿನಿಂದ ನೆಂಟರು ಬಂದಾಗ ಗೇಟ್‌ವೇ. ನಗರದ ಪೂರ್ವ ಮಗ್ಗುಲಿಗೂ ಒಂದು ಕಡಲಿದೆ ಎಂಬುದನ್ನು ಹಾರ್ಬರ್ ಲೈನಿನಲ್ಲಿ ದಿನವೂ ಕಚೇರಿಗೆ ಹೋಗಿಬರುವ ನಮ್ಮಂಥ ಗುಮಾಸ್ತರು ಕೂಡ ನೆನೆಯುವುದಿಲ್ಲ. ಅದನ್ನು ನೋಡಬೇಕಾದರೆ ಶಿವಡಿ ಸ್ಟೇಷನ್ನಿನಲ್ಲಿ ಇಳಿದು, ಗೋದಾಮುಗಳ ನಡುವೆ, ಲಾರಿಗಳ ಧೂಳಿನಲ್ಲಿ ಪೂರ್ವಕ್ಕೆ ನಡೆಯಬೇಕು. 1680ರಲ್ಲಿ ಇಂಗ್ಲಿಷರು ಕಟ್ಟಿದ ಕೋಟೆಯೊಂದು ಗುಡ್ಡದ ಮೇಲೆ ಕಾಣುತ್ತದೆ. ಮುಂದೆ ಜೆಟ್ಟಿ. ಅಲ್ಲಿ ಮರಳಿಲ್ಲ, ಅಲೆಯಿಲ್ಲ, ಭೇಲ್‌ಪುರಿಯಿಲ್ಲ. ಕಣ್ಣು ಹಾಯುವಷ್ಟು ದೂರ ಬರಿಯ ಕೆಸರು, ಅಂಚಿಗೆ ಕಾಂಡ್ಲಾ ಗಿಡಗಳು. 2024ರ ಜನವರಿಯಲ್ಲಿ ತೆರೆದ ಅಟಲ್ ಸೇತು ಇಲ್ಲಿಂದಲೇ ಹೊರಟು ಕೊಲ್ಲಿಯನ್ನು ದಾಟಿಹೋಗುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಐದಾರು ಮನೆಯವರು ಚಿತ್ರಾನ್ನದ ಡಬ್ಬಿಗಳೊಡನೆ ಅಲ್ಲಿಗೆ ಹೋದೆವು. ಪ್ರಾಣಿಶಾಸ್ತ್ರ ಕಲಿಸುವ ಮೇಷ್ಟರೊಬ್ಬರು ಜೊತೆಗಿದ್ದುದರಿಂದ ವಿಹಾರವೇ ಪಾಠವೂ ಆಯಿತು. ನೀರು ಇಳಿಯುವ ಹೊತ್ತು. ಕೆಸರು ತೆರೆದುಕೊಂಡಂತೆಲ್ಲ ಹಕ್ಕಿಗಳು ಬಂದಿಳಿಯುತ್ತಿದ್ದವು.

ಮೊದಲು ಕಣ್ಣಿಗೆ ಬಿದ್ದದ್ದು ನಮ್ಮವರು ರಾಜಹಂಸವೆನ್ನುವ ಫ್ಲೆಮಿಂಗೋಗಳ ಹಿಂಡು. ದೂರಕ್ಕೆ ಯಾರೋ ಗುಲಾಬಿ ಬಣ್ಣದ ಸೀರೆಗಳನ್ನು ಒಣಹಾಕಿದಂತೆ ತೋರಿತು. ಈ ಬಣ್ಣ ಹುಟ್ಟಿನಿಂದ ಬಂದದ್ದಲ್ಲ, ಊಟದಿಂದ ಬಂದದ್ದು ಎಂದರು ಮೇಷ್ಟರು. ಮರಿ ಹುಟ್ಟುವಾಗ ಬೂದು. ತಿನ್ನುವ ಪಾಚಿ, ಸಣ್ಣ ಜೀವಿಗಳಲ್ಲಿರುವ ಬಣ್ಣವೇ ಬೆಳೆಯುವ ಗರಿಗೆ ಏರುತ್ತದೆ. ಆ ಆಹಾರ ತಪ್ಪಿದರೆ ಹಳೆಯ ಗರಿ ಉದುರಿ ಹೊಸದು ಬರುವಾಗ ಬಣ್ಣವೂ ಪೇಲವವಾಗುತ್ತದೆ.

ಎರಡನೆಯವು, ಜನ ಸೀಗಲ್ ಎನ್ನುವ ಹಕ್ಕಿಗಳು. ಇವುಗಳಲ್ಲೊಂದು ಜಾತಿ ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ. ನಮ್ಮಲ್ಲಿರುವಾಗ ತಲೆ ಬಿಳಿ, ಕಿವಿಯ ಬಳಿ ಒಂದು ಮಸಿಬೊಟ್ಟು. ಹಿಂದಿರುಗುವ ಕಾಲ ಬಂದಾಗ ತಲೆಗೆ ಕಂದು ಟೋಪಿ ಹಾಕಿಕೊಳ್ಳುತ್ತದೆ. ಇದು ಋತುವಿನ ಬಣ್ಣ. ಆದರೆ ರೆಕ್ಕೆಯ ತುದಿಯ ಕಪ್ಪು ಯಾವ ಋತುವಿನಲ್ಲಿಯೂ ಹೋಗುವುದಿಲ್ಲ. ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವಿರುವ ಗರಿ ಬಿಳಿಯ ಗರಿಗಿಂತ ಗಟ್ಟಿ. ಗಾಳಿಗೆ ಬೇಗ ಸವೆಯುವುದಿಲ್ಲ. ಹೆಚ್ಚು ದುಡಿಯುವ ತುದಿಗೆ ಕಪ್ಪನ್ನೇ ಕೊಟ್ಟಿರುವುದು ಎಂಥ ಜಾಣ ಏರ್ಪಾಡು!

ಮೂರನೆಯ ಹಕ್ಕಿ ನಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಿತು. ಜೆಟ್ಟಿಯ ಬುಡದಲ್ಲಿ, ನೀರು ತುಂಬಿದ ಹೊಂಡವೊಂದರಲ್ಲಿ ಎರಡು ಬೆಳ್ಳಕ್ಕಿಗಳು ಮೀನಿಗಾಗಿ ಕಾದಿದ್ದವು. ಅದೇ ಕೊಕ್ಕು, ಅದೇ ಕತ್ತು, ಅದೇ ನಡಿಗೆ. ಆದರೆ ಒಂದು ಹಾಲಿನಂತೆ ಬಿಳಿ, ಇನ್ನೊಂದು ಹಲಗೆಬಳಪದ ಕಪ್ಪು, ಗಂಟಲು ಮಾತ್ರ ಬಿಳಿ. ಇದು ಕಡಲಂಚಿನ ಬೆಳ್ಳಕ್ಕಿ. ನಮ್ಮ ಕನ್ನಡ ಕರಾವಳಿಯಲ್ಲಿಯೂ ಉಂಟು.

"ಮೇಷ್ಟ್ರೇ, ಕಪ್ಪಗಿದ್ದರೂ ಇದನ್ನು ಬೆಳ್ಳಕ್ಕಿ ಎನ್ನುತ್ತೀರಲ್ಲ?" ಎಂದಳು ಏಳನೆಯ ತರಗತಿಯ ಹುಡುಗಿಯೊಬ್ಬಳು.

"ಹೆಸರಿಟ್ಟವರು ನಾವು, ಮಗು. ಅದಕ್ಕಾಗಿ ಹಕ್ಕಿಯೇನೂ ಅರ್ಜಿ ಹಾಕಿರಲಿಲ್ಲ" ಎಂದರು ಅವರು.

ಇವೆರಡೂ ಬೇರೆ ಜಾತಿಗಳಲ್ಲ. ಬಿಳಿಯದೂ ಕರಿಯದೂ ಜೋಡಿಯಾಗುತ್ತವೆ. ಒಂದೇ ಗೂಡಿನಲ್ಲಿ ಎರಡು ಬಣ್ಣದ ಮರಿಗಳೂ ಇರುವುದುಂಟು. ಈ ಬಣ್ಣ ಊಟದ್ದಲ್ಲ, ಋತುವಿನದಲ್ಲ, ಹುಟ್ಟಿನದು.

ಹುಟ್ಟಿನ ಬಣ್ಣ ಬರುವ ಬಗೆಯನ್ನು ತಿಳಿಸಲು ಮೇಷ್ಟರು ನಮ್ಮನ್ನು ಮಾತಿನಲ್ಲಿಯೇ ಸ್ಕಾಟ್ಲೆಂಡಿನ ಉತ್ತರದ ಕಡಲಿಗೆ ಕರೆದೊಯ್ದರು. ಅಲ್ಲಿ ಆರ್ಕ್ಟಿಕ್ ಸ್ಕುವಾ ಎಂಬ ಕಡಲಹಕ್ಕಿಯಿದೆ. ಇತರ ಹಕ್ಕಿಗಳು ಹಿಡಿದ ಮೀನನ್ನು ಬೆನ್ನಟ್ಟಿ ಕಸಿದುಕೊಳ್ಳುವುದೇ ಅದರ ಕಸುಬು. ಅದರಲ್ಲಿಯೂ ಎರಡು ಬಣ್ಣ: ಕೆಲವಕ್ಕೆ ಹೊಟ್ಟೆ ಬಿಳುಪು, ಕೆಲವು ಇಡೀ ಕಪ್ಪುಗಂದು. 2004ರಲ್ಲಿ ನಿಕೊಲಸ್ ಮಂಡಿ ಮತ್ತು ಸಂಗಡಿಗರು ಇದರ ಗುಟ್ಟನ್ನು ಬಿಡಿಸಿದರು. ಗರಿಯ ಬುಡದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳಿವೆ. 'ಕಪ್ಪು ತಯಾರಿಸು' ಎಂಬ ಸಂದೇಶವನ್ನು ಸ್ವೀಕರಿಸಲು ಅವುಗಳ ಮೇಲೊಂದು ಬಾಗಿಲು. ಆ ಬಾಗಿಲನ್ನು ರೂಪಿಸುವ ವಂಶವಾಹಿಗೆ ಎಂಸಿ1ಆರ್ ಎಂದು ಹೆಸರು. ಕರಿಯ ಸ್ಕುವಾಗಳಲ್ಲಿ ಆ ವಂಶವಾಹಿಯ ಒಂದೇ ಒಂದು ಅಕ್ಷರ ಬೇರೆಯಾಗಿದೆ! ತಂದೆಯಿಂದೊಂದು, ತಾಯಿಯಿಂದೊಂದು, ಹೀಗೆ ಎರಡು ಪ್ರತಿಗಳೂ ಬದಲಾದವಾದರೆ ಹಕ್ಕಿ ಕಡುಕಪ್ಪು; ಒಂದಾದರೆ ನಡುವಣ ಬಣ್ಣ; ಎರಡೂ ಅಲ್ಲವಾದರೆ ಬಿಳಿಹೊಟ್ಟೆ. 2007ರಲ್ಲಿ ಕೆಂಪುಗಾಲಿನ ಬೂಬಿ ಎಂಬ ಕಡಲಹಕ್ಕಿಯ ಬಣ್ಣಭೇದಕ್ಕೂ ಇದೇ ವಂಶವಾಹಿಯ ನಂಟು ಕಂಡುಬಂದಿತು.

ನಕಲು ತೆಗೆಯುವುದೇ ಉದ್ಯೋಗವಾದ ನಮಗೆ ಇದು ಚೆನ್ನಾಗಿ ಅರ್ಥವಾಯಿತು. 'ಹಾಲು' ಎಂದಿರಬೇಕಾದಲ್ಲಿ 'ಹಾಳು' ಎಂದಾದರೆ ಕಡತದ ಗತಿಯೇನು! ಆದರೆ ಪ್ರಕೃತಿಯ ಕಚೇರಿಯಲ್ಲಿ ಬದಲಾದ ಅಕ್ಷರವೆಲ್ಲ ತಪ್ಪಲ್ಲ. ಅದನ್ನು ತಿದ್ದದೆ ಸಾವಿರಾರು ವರ್ಷ ಉಳಿಸಿಕೊಂಡು ಬಂದಿದೆ.

ಏಕೆ ಉಳಿಸಿದೆ? ಫೇರ್ ಐಲ್ ದ್ವೀಪದಲ್ಲಿ 1948ರಿಂದ ಸ್ಕುವಾಗಳನ್ನು ಗಮನಿಸಿದವರಿಗೆ ಕಂಡದ್ದು ಇದು: ಕರಿಯ ಗಂಡುಗಳು ವರ್ಷದಲ್ಲಿ ಬೇಗ ಸಂಸಾರ ಹೂಡುತ್ತವೆ, ಬಿಳಿಯವು ಕಿರಿಯ ವಯಸ್ಸಿನಲ್ಲಿಯೇ ಮರಿಮಾಡಲು ತೊಡಗುತ್ತವೆ. ಒಂದಕ್ಕೆ ಒಂದು ಅನುಕೂಲ, ಇನ್ನೊಂದಕ್ಕೆ ಇನ್ನೊಂದು. ಸ್ಥಳವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಕಪ್ಪೇ ಹೆಚ್ಚು. ಉತ್ತರಧ್ರುವದ ಕಡೆಯ ಸ್ಪಿಟ್ಸ್‌ಬರ್ಗನ್ನಿನಲ್ಲಿ ಬಹುಮಟ್ಟಿಗೆ ಎಲ್ಲವೂ ಬಿಳಿ. ನಮ್ಮ ಬೆಳ್ಳಕ್ಕಿಯ ದಾಯಾದಿಯೊಂದು ಪೆಸಿಫಿಕ್ ಸಾಗರದಲ್ಲಿದೆ. ನ್ಯೂಜಿಲೆಂಡಿನಲ್ಲಿ ಅದು ಹೆಚ್ಚುಕಡಿಮೆ ಎಲ್ಲವೂ ಕಪ್ಪು. ಬಿಸಿಲುನಾಡಿನ ಹವಳದ ದ್ವೀಪಗಳಲ್ಲಿ ಬಿಳಿಯವೂ ಧಾರಾಳ. ಊರು ಬದಲಾದರೆ ಬಣ್ಣದ ಬೆಲೆಯೂ ಬದಲಾಗುತ್ತದೆ.

ಈ ಮಾತು ನಡೆದಾಗ ನಮ್ಮ ಜೊತೆಯಲ್ಲಿದ್ದ ತಾಯಿಯೊಬ್ಬರು ಸುಮ್ಮನೆ ಕೇಳುತ್ತಿದ್ದರು. ಕೆಲವೇ ವಾರಗಳ ಹಿಂದೆ ಅವರ ಮಗಳನ್ನು ನೋಡಿಹೋದ ಗಂಡಿನ ಕಡೆಯವರು, "ಹುಡುಗಿ ಲಕ್ಷಣವಾಗಿದ್ದಾಳೆ, ಜಾತಕವೂ ಕೂಡುತ್ತದೆ, ಆದರೆ ಬಣ್ಣ ಸ್ವಲ್ಪ ಕಡಿಮೆ" ಎಂದು ಹೇಳಿಕಳುಹಿಸಿದ್ದರು. ನಮ್ಮಲ್ಲಿ ಎಷ್ಟು ಮನೆಗಳು ಈ ಮಾತನ್ನು ಕೇಳಿಲ್ಲ? ಎಷ್ಟು ಮನೆಗಳು ಆಡಿಲ್ಲ? ಹುಡುಗಿ ಎಣ್ಣೆಗೆಂಪು ಎಂದು ಬರೆಯಲು ಕೂಡ ಹೆದರುತ್ತೇವೆ. ಊರು ಬಿಟ್ಟು ಬಂದವರು ಮಡಿಕೆಕುಡಿಕೆಗಳನ್ನು ಬಿಟ್ಟು ಬಂದೆವು. ಈ ತಕ್ಕಡಿಯನ್ನು ಮಾತ್ರ ಟ್ರಂಕಿನಲ್ಲಿ ತುಂಬಿಕೊಂಡೇ ಬಂದೆವು.

ಮನುಷ್ಯರ ಮೈಬಣ್ಣ ಒಂದು ವಂಶವಾಹಿಯ ಕೆಲಸವಲ್ಲ, ಹಲವು ಕೂಡಿ ಮಾಡುವ ಕೆಲಸ. ಆದರೆ ದ್ರವ್ಯ ಅದೇ ಮೆಲನಿನ್. ಅದರಲ್ಲಿ ಕುಲದ ಹೆಚ್ಚುಗಾರಿಕೆಯೂ ಇಲ್ಲ, ಗುಣದ ಕೊರತೆಯೂ ಇಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಗಾದೆ ನಗುತ್ತದೆ. ಬೆಳ್ಳಕ್ಕಿಯ ತಾಯಿಗೆ ನಗಲು ಪುರಸೊತ್ತಿಲ್ಲ. ಬಾಯಿ ತೆರೆದ ಮರಿಗೆ, ಅದು ಯಾವ ಬಣ್ಣದ್ದೇ ಆಗಲಿ, ಮೀನು ಹಾಕುತ್ತದೆ.

ಆ ತಾಯಿ ಬರುವಾಗ ಹೇಳಿದ ಮಾತನ್ನು ಇಲ್ಲಿ ಬರೆಯಬೇಕು: "ಮುಂದೆ ಯಾರಾದರೂ ಬಣ್ಣ ಕಡಿಮೆ ಎಂದರೆ, ಯಾವುದಕ್ಕೆ ಕಡಿಮೆ ಎಂದು ಕೇಳುತ್ತೇನೆ."

ವಾಚಕರು ಹೋಗುವುದಾದರೆ ಡಿಸೆಂಬರಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ. ಉಬ್ಬರವಿಳಿತದ ವೇಳೆಯನ್ನು ಮೊದಲೇ ನೋಡಿಕೊಂಡು, ನೀರು ಇಳಿಯುವ ಹೊತ್ತಿಗೆ ಜೆಟ್ಟಿಯಲ್ಲಿರಬೇಕು. ಟೋಪಿ, ಕುಡಿಯುವ ನೀರು, ಸಾಧ್ಯವಾದರೆ ಒಂದು ದುರ್ಬೀನು ಇರಲಿ. ಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಮದುವೆಗೆ ಹೆಣ್ಣು ನೋಡುತ್ತಿರುವ ಗಂಡಿನ ತಾಯಿತಂದೆಯರನ್ನೂ ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು.